‘ನೀವು ವಾ’ ಎಂಬ ತಪ್ಪನ್ನು ಬಿಚ್ಚದಿರುವ ಬಗ್ಗೆ

ಇಂದ,
ವಿರ್ಜಿಲಿಯೊ ಸೆರ್ದೈರ,
ವಯಸ್ಸು ನಲವತ್ನಾಲ್ಕು, ಅವಿವಾಹಿತ,
ಕರಡು ತಿದ್ದುವವ, ಸೋಬ್ರಾಲ್ ವಾರಪತ್ರಿಕೆ,
ಬಾವಿ ಬೀದಿ, ಸೋಬ್ರಾಲ್ ಪಟ್ಟಣ,
ಮಿನ್ಯೊ ಪ್ರಾಂತ್ಯ, ಪೋರ್ಚುಗಲ್.

ಗೆ,
ಮಾನ್ಯ ಅಧ್ಯಕ್ಷರು,
ಪ್ರೇಮದ ಕರವಸ್ತ್ರಗಳ ದೃಢೀಕರಣ ಸಮಿತಿ,
ಹಳೇ ಮಾರುಕಟ್ಟೆ ಕಟ್ಟಡ, ಮೇಲ್ಮಹಡಿ, ಸೋಬ್ರಾಲ್.

ವಿಷಯ: ಕರವಸ್ತ್ರ ಸಂಖ್ಯೆ ೨೧೬ರಲ್ಲಿರುವ ಆರನೇ ತಪ್ಪನ್ನು ಬಿಚ್ಚಿ ಹೊಲಿಯದಂತೆ ತಡೆದು, ಸದರಿ ವಸ್ತ್ರವನ್ನು ತಪ್ಪಿನ ಸಮೇತ ಅರ್ಜಿದಾರನಿಗೆ ಕೊಡಿಸುವ ಬಗ್ಗೆ.

ಉಲ್ಲೇಖ: ೧) ತಮ್ಮ ಕಚೇರಿಯ ಹಲಗೆಗೆ ಅಂಟಿಸಿರುವ ನೋಟಿಸು. ೨) ತಮ್ಮ ಕಚೇರಿಯ ಕಿಟಕಿಯಲ್ಲಿ ಕೂರುವ ಕುಮಾರಿ ಒತಿಲಿಯಾ ಪೆನೆದಾ ಅವರು ನನಗೆ ಬಾಯ್ಮಾತಿನಲ್ಲಿ ನೀಡಿದ “ಅರ್ಜಿ ಕೊಡಿ” ಎಂಬ ಸೂಚನೆ. ೩) ನನ್ನ ಸೋದರತ್ತೆ ಎರ್ಮೆಲಿಂದಾ ಅವರು ಪ್ರತಿದಿನ ಊಟದ ಹೊತ್ತಿಗೆ ಕಳಿಸುತ್ತಿರುವ ಮೌಖಿಕ ಜ್ಞಾಪನಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ತಮ್ಮ ಸಮಿತಿಯು ಬರುವ ಶುಕ್ರವಾರ ಬೆಳಿಗ್ಗೆ ಒಂದು ಕರವಸ್ತ್ರದಿಂದ ಒಂದು ಪದವನ್ನು ಬಿಚ್ಚಿಸಲಿದೆ. ಆ ಪದ ಬಿಚ್ಚಿದರೆ ನನ್ನ ಮದುವೆಯನ್ನೇ ಬಿಚ್ಚಿದಂತೆ. ಮದುವೆ ಇನ್ನೂ ಗೊತ್ತಾಗಿಲ್ಲ, ಹೆಣ್ಣು ನನ್ನೊಡನೆ ಮಾತು ಬಿಟ್ಟಿದ್ದಾರೆ ಎಂಬುದು ನಿಜ. ಆದರೂ ಅರ್ಜಿಯನ್ನು ಕೊನೆತನಕ ಓದಬೇಕಾಗಿ ಕೋರುತ್ತೇನೆ.

೧. ಸದರಿ ಕರವಸ್ತ್ರವು ಬಿಳಿ ನಾರುಬಟ್ಟೆಯದು. ಮೂಲೆಗೊಂದು ಹೃದಯ, ಎರಡು ಹಕ್ಕಿ, ಒಂದು ಬೀಗದ ಕೈ. ನಡುವೆ ಕೆಂಪು ದಾರದಲ್ಲಿ ಹೀಗೆ ಹೊಲಿದಿದೆ:

ನೀವು ವಾ ನನ್ನ ವಾಗಿಲಿಗೆ ವೆಳಕಿರುವಾಗಲೇ
ಬರುಷ ಕಾದೆ, ಇನ್ನೊಂದು ಬಾರ ಕಾಯಲಾರೆ

ತಮ್ಮ ನೋಟಿಸಿನ ಪ್ರಕಾರ ಇದರಲ್ಲಿ ಆರು ತಪ್ಪುಗಳಿವೆ. ವಾ, ವಾಗಿಲು, ವೆಳಕು, ಬರುಷ, ಬಾರ ಈ ಐದೂ ಸಮಿತಿಯ ‘ಅಂಗೀಕೃತ ತಪ್ಪುಗಳ ಪಟ್ಟಿ’ಯಲ್ಲಿವೆ. ನಮ್ಮ ಅಜ್ಜಿಯರು ಹುಡುಗಿಯರಾಗಿದ್ದಾಗ ಮೆಚ್ಚಿದವನಿಗೆ ಹೀಗೆಯೇ ಹೊಲಿದು ಕೊಡುತ್ತಿದ್ದರು, ಆದ್ದರಿಂದ ಇವು ಇದ್ದರೇ ಅಸಲಿ, ಇಲ್ಲದಿದ್ದರೆ ನಕಲಿ. ಆರನೆಯದು ‘ನೀವು ವಾ’. ಹೀಗೆ ಯಾವ ಅಜ್ಜಿಯೂ ಹೊಲಿದಿಲ್ಲ. ಆದ ಕಾರಣ, ಶುಕ್ರವಾರ ಅದನ್ನು ಬಿಚ್ಚಿ ‘ನೀನು ವಾ’ ಎಂದಾಗಲಿ ‘ನೀವು ವನ್ನಿ’ ಎಂದಾಗಲಿ ಹೊಲಿಯತಕ್ಕದ್ದು, ಬಳಿಕ ಹೊಳೆಯುವ ಚೀಟಿ ಅಂಟಿಸಿ ಹಬ್ಬದ ಮಳಿಗೆಯಲ್ಲಿ ಮಾರಾಟಕ್ಕೆ ಇಡತಕ್ಕದ್ದು ಎಂದು ತಾವು ಆದೇಶಿಸಿದ್ದೀರಿ. (ಸದರಿ ನೋಟಿಸಿನಲ್ಲೇ ಪಟ್ಟಿಗೆ ಸೇರದ ಮೂರು ತಪ್ಪುಗಳಿವೆ. ತಿದ್ದಿ ಲಗತ್ತಿಸಿದ್ದೇನೆ.)

೨. ತಾವು ಲಿಸ್ಬನ್ನಿನಿಂದ ವರ್ಗವಾಗಿ ಬಂದು ಇನ್ನೂ ಹೊಸಬರಾದ್ದರಿಂದ ಒಂದು ವಿಷಯ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಕಡೆಯವರ ಬಾಯಲ್ಲಿ ಪದದ ಮೊದಲಿಗೆ ‘ವ’ ಬರುವುದಿಲ್ಲ, ಬರುವುದೆಲ್ಲ ‘ಬ’. ವಿಚಾರ ನಮಗೆ ಬಿಚಾರ, ವಯಸ್ಸು ಬಯಸ್ಸು. ಶಾಲೆಯಲ್ಲಿ ಇದಕ್ಕಾಗಿ ಕೈ ಊದುವಂತೆ ಏಟು ತಿಂದ ಮಕ್ಕಳು ಪೆನ್ನು ಹಿಡಿದಾಗ ಹೆದರಿಕೊಂಡು ‘ಬ’ ಇರಬೇಕಾದ ಕಡೆಯೂ ‘ವ’ ಬರೆಯುತ್ತಾರೆ. ಈ ಊರಿನಲ್ಲಿ ವ ಎಲ್ಲಿ, ಬ ಎಲ್ಲಿ ಎಂದು ಹೇಳಿ ಸಂಬಳ ತೆಗೆದುಕೊಳ್ಳುವವನು ನಾನೊಬ್ಬನೇ. ನನ್ನ ಹೆಸರು ವಿರ್ಜಿಲಿಯೊ. ಊರಿನವರೆಲ್ಲ ಕರೆಯುವುದು ಬಿರ್ಜಿಲಿಯೊ ಎಂದು. ಮೊದಮೊದಲು ತಿದ್ದುತ್ತಿದ್ದೆ.

೩. ತಮ್ಮ ಆಕ್ಷೇಪಣಾ ನಮೂನೆಯ ಕಲಂ ೪ ಹೀಗಿದೆ: ‘ವಸ್ತ್ರ ಪಡೆದವರು ಕಸೂತಿ ಹಾಕಿದವರ ಕಡೆಗೆ ಆಕರ್ಷಿತರಾದ ಕಾರಣ (ಒಂದು ಸಾಲು ಮೀರಬಾರದು).’ ಈ ಕಲಮನ್ನು ಬರೆದ ಮಹಾಶಯರು ಯಾರೋ ತಿಳಿಯದು, ಅವರು ಜೀವನದಲ್ಲಿ ಯಾರನ್ನೂ ಮೆಚ್ಚಿದಂತಿಲ್ಲ. ಒಂದು ಸಾಲಿನಲ್ಲಿ ಮುಗಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಆಗದ ಕಾರಣ ಪ್ರತ್ಯೇಕ ಹಾಳೆಗಳಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

೪. ನನ್ನನ್ನು ಸಾಕಿದ ಸೋದರತ್ತೆ ಎರ್ಮೆಲಿಂದಾ ಅವರ ಪ್ರಕಾರ ಹೆಣ್ಣನ್ನು ಒಪ್ಪುವ ಮುಂಚೆ ನೋಡಬೇಕಾದದ್ದು ಅವಳ ತಾಯಿಯ ಮಂಡಿ.

“ಮುಖ ಏನ್ ನೋಡ್ತೀಯೋ? ಮುಖ ಹತ್ತು ಬರ್ಷಕ್ಕೆ ಬೇಜಾರಾಗತ್ತೆ. ತಾಯಿ ಮಂಡಿ ನೋಡು. ಅದೇ ಮಂಡಿ ಮುಂದೆ ನಮ್ಮನೆ ಮೆಟ್ಲು ಹತ್ಬೇಕಾಗಿರೋದು.”

ಅದಾದ ಮೇಲೆ, ಆ ಹುಡುಗಿ ಉಪ್ಪುಮೀನು ನೆನೆಹಾಕಿದ ನೀರನ್ನು ಎಷ್ಟು ಸಲ ಬದಲಾಯಿಸುತ್ತಾಳೆ, ಈರುಳ್ಳಿ ಹೆಚ್ಚುವಾಗ ಯಾರನ್ನು ಬೈಯುತ್ತಾಳೆ ಎಂದು ವಿಚಾರಿಸಬೇಕು. ಈ ಕ್ರಮದಲ್ಲಿ ಅತ್ತೆಯವರು ನನಗೆ ಹಲವು ಹೆಣ್ಣುಗಳನ್ನು ತೋರಿಸಿದರು. ದ್ರಾಕ್ಷಿ ತೋಟವಿದ್ದ ಒಬ್ಬ ವಿಧವೆ ನನಗೆ ಒಪ್ಪಿಗೆಯಾಗುವಂತಿದ್ದರು. ಅವರು ನನ್ನ ಅತ್ತೆಯ ಮಂಡಿ ನೋಡಿ ಬೇಡವೆಂದರು.

ಇದರಿಂದ ನೊಂದ ಅತ್ತೆಯವರು, ಮದುವೆ ಮಾಡಿಸುವುದರಲ್ಲಿ ಹೆಸರಾದ ಸಂತ ಅಂತೋನಿಯವರ ಮಣ್ಣಿನ ಮೂರ್ತಿಯನ್ನು ಮುಸುಕಿನ ಜೋಳದ ಹಿಟ್ಟಿನ ಡಬ್ಬಿಯಲ್ಲಿ ತಲೆಕೆಳಗಾಗಿ ಹುಗಿದಿಟ್ಟರು. ನನಗೆ ಹೆಣ್ಣು ಸಿಗುವವರೆಗೆ ಬಿಡುಗಡೆಯಿಲ್ಲ ಎಂದು ಸಂತರಿಗೆ ತಿಳಿಸಲಾಯಿತು. ರೊಟ್ಟಿಗೆ ಹಿಟ್ಟು ತೆಗೆಯುವಾಗಲೆಲ್ಲ ಸಂತರ ಪಾದಗಳು ಕೈಗೆ ತಗಲುತ್ತಿದ್ದವು.

೫. ನಮ್ಮ ಪತ್ರಿಕೆಯಲ್ಲಿ ‘ವಿಜ್ಞಾನ ಮತ್ತು ಅಡುಗೆ’ ಪುಟ ನೋಡಿಕೊಳ್ಳುವ ಸೆರಾಫಿಂ ಎಂಬವರಿಗೆ ಅತ್ತೆಯವರ ವಿಧಾನದಲ್ಲಿ ನಂಬಿಕೆಯಿಲ್ಲ.

“ಎಲ್ಲಾ ಬಾಸನೇಲಿದೆ ಮಾರಾಯ. ಮನಸ್ಸು ಗಿನಸ್ಸು ಎಲ್ಲಾ ಆಮೇಲೆ. ಮೂಗು ಹೇಳತ್ತೆ, ನಾವು ಹೋಗಿ ಪ್ರೀತಿ ಅಂತೀವಿ. ಬಿಜ್ಞಾನ ಇದು.”

ಅವರ ಸಲಹೆ ಮೇರೆಗೆ ನಾನು ಸ್ನಾನ ಮಾಡದೆ ಎರಡು ದಿನ ತೊಟ್ಟ ಬನಿಯನ್ನನ್ನು ಕಾಗದದ ಚೀಲದಲ್ಲಿ ಹಾಕಿ, ಅವರ ಹೆಂಡತಿಯ ಮೂವರು ಗೆಳತಿಯರಿಗೆ ಮೂಸಲು ಕೊಡಲಾಯಿತು. ಯಾರದೆಂದು ಹೇಳಿರಲಿಲ್ಲ. ಒಬ್ಬರು ‘ಶಾಯಿ’ ಎಂದು ಬರೆದರು. ಒಬ್ಬರು ‘ಹಳೇ ಪುಸ್ತಕ, ಆದರೆ ಒದ್ದೆ’ ಎಂದು ಬರೆದರು. ಮೂರನೆಯವರು ‘ನಮ್ಮಪ್ಪ’ ಎಂದು ಬರೆದು ಅಳತೊಡಗಿದ್ದರಿಂದ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು. ಆನಂತರ ಸೆರಾಫಿಂ ಪುಟ ಜೋಡಿಸುವ ಅಳತೆಪಟ್ಟಿ ತಂದು ನನ್ನ ಮುಖದ ಎಡಬಲ ಅಳೆದರು. ಎರಡೂ ಬದಿ ಸಮನಾಗಿರುವ ಮುಖಕ್ಕೆ ಹೆಂಗಸರು ಸೋಲುತ್ತಾರಂತೆ. ನನ್ನ ಎಡಗಿವಿ ಎಷ್ಟು ಕೆಳಗಿದೆಯೆಂದರೆ, ಪತ್ರಿಕೆಯಲ್ಲಿ ಅಷ್ಟು ವ್ಯತ್ಯಾಸ ಬಂದಿದ್ದರೆ ನಾವು ಪುಟವನ್ನೇ ಮತ್ತೆ ಅಚ್ಚು ಹಾಕುತ್ತಿದ್ದೆವು.

ಆದ್ದರಿಂದ ಮಂಡಿ, ಮೂಗು, ಕಿವಿ ಈ ಮೂರೂ ಕಲಂ ೪ಕ್ಕೆ ಉತ್ತರವಲ್ಲವೆಂದು ಸ್ವಂತ ಅನುಭವದಿಂದ ದೃಢೀಕರಿಸುತ್ತೇನೆ.

೬. ಹೋದ ವರ್ಷ ಇದೇ ದಿನಗಳಲ್ಲಿ ಕುಮಾರಿ ಒತಿಲಿಯಾ ಅವರು ನಮ್ಮ ಪತ್ರಿಕೆಗೆ ಒಂದು ಜಾಹೀರಾತು ತಂದರು. ಅದರ ಪೂರ್ಣ ಪಾಠ ಹೀಗಿತ್ತು: ‘ವಿಳಿ ವೆಕ್ಕು ಕಳೆದಿದೆ. ವಾಲ ಉದ್ದ. ಕರೆದರೆ ವರುವುದಿಲ್ಲ.’

ನಾನು ನೀಲಿ ಪೆನ್ಸಿಲ್ ಎತ್ತಿಕೊಂಡು, “ಒತಿಲಿಯಾ ಅವರೇ, ಕರೆದರೆ ಬರದ ಬೆಕ್ಕನ್ನ ಹುಡುಕೋದು ಹೇಗೆ? ಆ ಸಾಲು ತೆಗೆದುಬಿಡೋಣ” ಎಂದೆ.

ಅವರ ಕಣ್ಣು ತುಂಬಿತ್ತು, ಸಿಟ್ಟೂ ಬಂದಿತ್ತು. “ನೀವು ಸ್ವಲ್ಪ ಸುಮ್ನಿರು! ಕರದ್ರೆ ಬರದೇ ಇರೋದನ್ನೇ ಅಲ್ವಾ ಹುಡುಕ್ಬೇಕಾಗಿರೋದು? ಬರೋ ಅಂಥದ್ದಾಗಿದ್ರೆ ಮನೇಲೇ ಇರ್ತಿತ್ತು” ಎಂದರು. ಆಮೇಲೆ ತಡೆದು, “ಮದ್ವೆ ಆಗಿದ್ಯಾ ನಿಮಗೆ?” ಎಂದು ಕೇಳಿದರು.

“ಇಲ್ಲ.”

“ಅದೇ ಮತ್ತೆ.”

ಆಗ ನನ್ನ ಎದೆಯಲ್ಲಿ ಏನೋ ಆಯಿತು. ಕಚೇರಿಯ ಭಾಷೆಯಲ್ಲಿ ಅದಕ್ಕೆ ಪದವಿಲ್ಲ. ಅವರು ಹೋದ ಮೇಲೆ ಆ ಚೀಟಿಯನ್ನು ಎದುರಿಗಿಟ್ಟುಕೊಂಡು ಬಹಳ ಹೊತ್ತು ಕೂತೆ. ‘ವಿಳಿ ವೆಕ್ಕು’ ಎಂದು ಮೆಲ್ಲಗೆ ಹೇಳಿನೋಡಿದೆ. ಬಿಳಿ ಬೆಕ್ಕುಗಳನ್ನು ಬೇಕಾದಷ್ಟು ನೋಡಿದ್ದೇನೆ. ಇದು ಬೇರೆಯದೇ ಪ್ರಾಣಿ ಅನ್ನಿಸಿತು, ಹೆಚ್ಚು ಬೆಚ್ಚಗಿರುವಂಥದು. ಪೆನ್ಸಿಲ್ ಕೆಳಗಿಟ್ಟೆ. ನನ್ನ ನೌಕರಿಯಲ್ಲಿ ತಿದ್ದದೆ ಅಚ್ಚಿಗೆ ಬಿಟ್ಟ ಬರಹ ಅದೊಂದೇ. ಸಂಪಾದಕರು ಕರೆಸಿ ಬೈದರು. ಬೆಕ್ಕು ಸಿಕ್ಕಿತು. ಅದನ್ನು ಕಂಕುಳಲ್ಲಿ ಇರುಕಿಕೊಂಡು ಅವರು ಧನ್ಯವಾದ ಹೇಳಲು ಬಂದರು, ಬೆಕ್ಕು ನನ್ನ ಕೈ ಪರಚಿತು, ಆಮೇಲಿನಿಂದ ಅವರು ಆ ದಾರಿಯಲ್ಲಿ ಹೋಗುವಾಗಲೆಲ್ಲ ನಮ್ಮ ಪತ್ರಿಕೆಯ ಕಿಟಕಿಯ ಹತ್ತಿರ ನಿಂತು “ಗಾಯ ಮಾಯ್ತಾ?” ಎಂದು ಕೇಳುತ್ತಿದ್ದರು. ಗಾಯ ಎರಡು ವಾರದಲ್ಲಿ ಮಾಯಿತು. ಇಲ್ಲ ಎಂದೇ ಹೇಳುತ್ತಾ ಬಂದೆ.

೭. ಈಗ ಅಪರಾಧದ ವಿಷಯ. ಹೋದ ತಿಂಗಳು, ಪತ್ರಿಕೆ ಅಚ್ಚಿಗೆ ಹೋಗುವ ದಿನ, ಮೇಜಿನ ಮೇಲೆ ಕರಡುಗಳ ರಾಶಿ ಬಿದ್ದಿದ್ದಾಗ ಕುಮಾರಿ ಒತಿಲಿಯಾ ಅವರು ಬಂದು ಮಡಚಿದ ಬಟ್ಟೆಯೊಂದನ್ನು ಇಟ್ಟು, “ಇದನ್ನೊಂಚೂರು ನೋಡಿ” ಎಂದರು.

ಮಾನ್ಯರು ಗಮನಿಸಬೇಕು. ಕರಡು ತಿದ್ದುವವನಿಗೆ ‘ನೋಡಿ’ ಎಂದರೆ ಒಂದೇ ಅರ್ಥ. ಅದೂ ಅಲ್ಲದೆ ಈ ಊರಿನಲ್ಲಿ ಹುಡುಗಿಯೊಬ್ಬಳು ಮೆಚ್ಚಿದವನಿಗೆ ನಿಜವಾಗಿ ಕರವಸ್ತ್ರ ಹೊಲಿದು ಕೊಟ್ಟು ಬಹಳ ಕಾಲವಾಗಿದೆ. ಈಗ ಹೊಲಿಯುವುದೆಲ್ಲ ಪ್ರವಾಸಿಗಳಿಗೆ. ಕುಮಾರಿ ಒತಿಲಿಯಾ ಅವರೂ ಬೆಳಿಗ್ಗೆ ತಮ್ಮ ಕಿಟಕಿಯಲ್ಲಿ ಮುದ್ರೆ ಹಾಕಿ, ಮಧ್ಯಾಹ್ನ ಮಳಿಗೆಗೆ ಹೊಲಿಯುವವರು. ಆದ ಕಾರಣ, ಮತ್ತು ಸಮಯ ಬಹಳ ಕಡಿಮೆ ಇದ್ದ ಕಾರಣ, ನನ್ನ ಕೈ ತಾನಾಗಿ ಮುಂದುವರಿಯಿತು. ಐದು ಕಡೆ ಗೀಟು ಹಾಕಿ ವ ಇದ್ದಲ್ಲಿ ಬ, ಬ ಇದ್ದಲ್ಲಿ ವ ಬರೆದೆ. ‘ನೀವು ವಾ’ ಎಂಬುದರ ಪಕ್ಕ, ಹಕ್ಕಿಯ ರೆಕ್ಕೆಯ ಮೇಲೆ ಹೀಗೆ ಪ್ರಶ್ನೆ ಹಾಕಿದೆ: ‘ನೀನೋ, ನೀವೋ? ಬರೆದವರು ನಿರ್ಧರಿಸಲಿ.’ ಮಡಚಿ ವಾಪಸು ಕೊಟ್ಟೆ.

ಅವರು ಬಿಡಿಸಿ ನೋಡಿದರು. “ನಿರ್ಧರಿಸಿದೀನಿ” ಎಂದರು.

“ಬಹಳ ಸಂತೋಷ” ಎಂದು ನಾನು ಮುಂದಿನ ಪುಟ ಎತ್ತಿಕೊಂಡೆ.

೮. ಅಂದು ಮನೆಯಲ್ಲಿ ಅತ್ತೆಯವರು ಎಲೆಕೋಸಿನ ಸಾರು ಬಡಿಸುತ್ತಾ, “ಏನೋ ಬಿರ್ಜಿಲಿಯೊ, ಒತಿಲಿಯಾ ನಿಂಗೆ ಕರವಸ್ತ್ರ ಕೊಟ್ಳಂತೆ? ಮಾರ್ಕೆಟ್ಟಲ್ಲೆಲ್ಲಾ ಅದೇ ಬಿಚಾರ!” ಎಂದರು.

“ಹೌದತ್ತೆ. ಐದು ತಪ್ಪಿತ್ತು. ತಿದ್ದಿ ಕೊಟ್ಟೆ.”

ಅತ್ತೆಯವರು ಸೌಟು ಕೆಳಗಿಟ್ಟರು. “ಏನ್ ಮಾಡ್ದೆ?”

“ಆರನೇದಕ್ಕೆ ಪ್ರಶ್ನೆ ಹಾಕಿ ಬಿಟ್ಟಿದೀನಿ.”

ಅವರು ಅಡುಗೆಮನೆಗೆ ಹೋಗಿ, ಹಿಟ್ಟಿನ ಡಬ್ಬಿಯಿಂದ ಸಂತ ಅಂತೋನಿಯವರನ್ನು ಎತ್ತಿ, ಅಡುಗೆಯ ಏಪ್ರನ್ನಿನ ಅಂಚಿನಿಂದ ಅವರ ಮುಖ ಒರೆಸಿ ನೆಟ್ಟಗೆ ನಿಲ್ಲಿಸಿದರು. “ತಪ್ಪಾಯ್ತು ಸ್ವಾಮಿ. ನಿಮ್ಮ ಕೆಲ್ಸ ನೀವು ಮಾಡೇ ಮಾಡಿದ್ರಿ. ಸುಮ್ನೆ ನಿಮ್ಮನ್ನ ನೋಯಿಸ್ದೆ” ಎಂದು ಮುಟ್ಟಿ ಕ್ಷಮೆ ಕೇಳಿದರು. ಬಳಿಕ ನನ್ನ ಕಡೆ ತಿರುಗಿ, “ಡಬ್ಬೀಲಿ ತಲೆಕೆಳಗೆ ನಿಲ್ಲಿಸ್ಬೇಕಾಗಿದ್ದು ನಿನ್ನ” ಎಂದರು.

ಆಗಲೂ ನನಗೆ ಅರ್ಥವಾಗಲಿಲ್ಲ. ಸಾರು ಮುಗಿಯುವ ಹೊತ್ತಿಗೆ ಅರ್ಥವಾಯಿತು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ನಾಚಿಕೆಯಿಂದ ಸಾಯುವಂತಾಗುತ್ತದೆ ಎಂಬುದನ್ನು ನಾನು ಎಷ್ಟೋ ಕತೆಗಳಲ್ಲಿ ‘ಅತಿಶಯೋಕ್ತಿ’ ಎಂದು ಹೊಡೆದುಹಾಕಿದ್ದೇನೆ. ಆ ಲೇಖಕರಲ್ಲಿ ಈ ಮೂಲಕ ಕ್ಷಮೆ ಕೋರುತ್ತೇನೆ.

೯. ಮರುದಿನ ತಮ್ಮ ಕಚೇರಿಯ ಕಿಟಕಿಗೆ ಹೋದೆ.

“ಒತಿಲಿಯಾ ಅವರೇ, ಆ ಕರವಸ್ತ್ರ ನನಗೆ ಅಂತ ಹೊಲಿದಿದ್ದಲ್ವಾ?”

“ಯಾವುದು? ಅದಾ? ಮಾದರಿ ಅದು. ಕ್ಯಾಟಲಾಗ್ ನೋಡ್ಕೊಂಡು ಹೊಲಿದೆ. ನಿಮ್ಮ ಪೆನ್ಸಿಲ್ ಗುರುತು ಒಗೆದು ದೃಢೀಕರಣಕ್ಕೆ ಕೊಟ್ಟಾಯ್ತು. ಹಬ್ಬಕ್ಕೆ ಮಾರಾಟ.”

“ಕ್ಯಾಟಲಾಗಲ್ಲಿ ಎಷ್ಟನೇ ನಂಬರು?”

“ಅದೆಲ್ಲಾ ಬಿಚಾರಿಸ್ಬೇಕಾದ್ರೆ ಅರ್ಜಿ ಕೊಡಿ. ಬಾಯ್ಮಾತಿಗೆಲ್ಲಾ ಇಲ್ಲಿ ಉತ್ತರ ಕೊಡಲ್ಲ.”

“ನೀವು ‘ನೋಡಿ’ ಅಂದಿದ್ದನ್ನ ನಾನು ‘ತಿದ್ದಿ’ ಅಂದ್ಕೊಂಡೆ...”

“ಒಂದು ಬರ್ಷ! ಯಾವತ್ತೋ ಮಾಯ್ದು ಹೋಗಿರೋ ಗಾಯಾನ ಮಾಯ್ತಾ ಮಾಯ್ತಾ ಅಂತ ಕೇಳ್ದೆ. ಅಷ್ಟೂ ಗೊತ್ತಾಗಲ್ವಾ ನಿಂಗೆ... ನಿಮಗೆ?” ಎಂದು ಕಿಟಕಿಯ ಬಾಗಿಲು ಎಳೆದುಕೊಂಡರು. ಒಳಗಿನಿಂದ ನಾಲ್ಕೈದು ಸಲ ಮುದ್ರೆ ಬಡಿದ ಸದ್ದು ಕೇಳಿಸಿತು. ಆ ಹೊತ್ತಿಗೆ ಕಚೇರಿಗೆ ಬೇರೆ ಅರ್ಜಿ ಬಂದಿರಲಿಲ್ಲ.

೧೦. ಮಾನ್ಯರೇ, ನಾನು ಸಮಿತಿಯ ಹಳೇ ಕರವಸ್ತ್ರಗಳ ಕ್ಯಾಟಲಾಗನ್ನು ತರಿಸಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಮುದ್ರಕರ ವಿಳಾಸವನ್ನೂ ಬಿಡದೆ ಓದಿದೆ. ಅಲ್ಲಿರುವ ಹುಡುಗಿಯರು ದನ ಕಾಯುವವನಿಗೆ, ದೋಣಿ ನಡೆಸುವವನಿಗೆ, ಬ್ರೆಜಿಲ್ಲಿಗೆ ಹೊರಟವನಿಗೆ ಹೊಲಿದಿದ್ದಾರೆ, ಎಲ್ಲರೂ ‘ನೀನು’ ಎಂದೇ ಹೊಲಿದಿದ್ದಾರೆ. ‘ನೀವು’ ಎಂದವಳು ಒಬ್ಬಳೂ ಇಲ್ಲ. ಆದ ಕಾರಣ, ಕುಮಾರಿ ಒತಿಲಿಯಾ ಅವರು ಇದನ್ನು ಕ್ಯಾಟಲಾಗಿನಿಂದ ತೆಗೆದಿಲ್ಲ. ಆದ ಕಾರಣ, ಮಾದರಿ ಎಂಬುದು ಸುಳ್ಳು. ಆದ ಕಾರಣ, ಇದು ಮೇಜಿನ ಆಚೆ ಕೂತು ತಿದ್ದುತ್ತಲೇ ಇರುವ, ಜನರ ಎದುರಿಗೆ ‘ನೀವು’ ಎಂದೇ ಕರೆಯಬೇಕಾದ ಒಬ್ಬನಿಗೆ ಹೊಲಿದದ್ದು. ‘ನೀವು’ ಎಂದು ಮರ್ಯಾದೆಯಿಂದ ಸೂಜಿ ಹಾಕಿದವರು ಮುಂದಿನ ಪದಕ್ಕೆ ಬರುವಷ್ಟರಲ್ಲಿ ಮರ್ಯಾದೆ ಮರೆತಿದ್ದಾರೆ. ಉಳಿದ ಐದು ತಪ್ಪುಗಳು ಇಡೀ ಪ್ರಾಂತ್ಯಕ್ಕೆ ಸೇರಿದವು. ಆರನೆಯದು ಒತಿಲಿಯಾ ಅವರೊಬ್ಬರದು. ಅದೂ ಸಿಟ್ಟೋ ಪ್ರೀತಿಯೋ ಮೇರೆ ಮೀರಿದಾಗ ಮಾತ್ರ ಆಗುವಂಥದು.

ಅದನ್ನು ‘ನೀನು ವಾ’ ಎಂದು ತಿದ್ದಿದರೆ, ಮಳಿಗೆಯಲ್ಲಿ ಕೊಂಡ ಯಾವ ಜರ್ಮನ್ ಪ್ರವಾಸಿ ಬೇಕಾದರೂ ಬರಬಹುದು. ‘ನೀವು ವನ್ನಿ’ ಎಂದರೆ ತೆರಿಗೆ ಅಧಿಕಾರಿಯನ್ನು ಕರೆದಂತೆ. ಎರಡರಲ್ಲೂ ನಾನಿಲ್ಲ. ನಾನು ಇರುವುದು ಆ ತಪ್ಪಿನಲ್ಲಿ ಮಾತ್ರ. ಇಷ್ಟು ವಯಸ್ಸಿಗೆ ನನಗೆ ಎಲ್ಲಾದರೂ ಇರಲು ಸಿಕ್ಕಿದ ಜಾಗ ಅದೊಂದೇ.

೧೧. ಬರುವ ಭಾನುವಾರ ಸಂತ ಅಂತೋನಿಯವರ ಹಬ್ಬ. ಹಳೇ ಪದ್ಧತಿಯಂತೆ ಕರವಸ್ತ್ರ ಪಡೆದವನು ಅದನ್ನು ಎದೆಜೇಬಿಗೆ ಸಿಕ್ಕಿಸಿಕೊಂಡು ಚರ್ಚಿನ ಮುಂದೆ ನಿಂತರೆ ಒಪ್ಪಿಗೆ, ಬರಿಯ ಜೇಬಿನಲ್ಲಿ ನಿಂತರೆ ‘ಒಲ್ಲೆ’ ಎಂದು ಊರಿಗೆಲ್ಲ ಸಾರಿದಂತೆ. ನಾನು ಒಲ್ಲೆ ಎಂದಿಲ್ಲ. ಶುಕ್ರವಾರ ಆ ಪದ ಬಿಚ್ಚುವ ಕೆಲಸಕ್ಕೆ ತಾವು ನೇಮಿಸಿರುವುದು ಕುಮಾರಿ ಒತಿಲಿಯಾ ಅವರನ್ನೇ ಎಂದು ನೋಟಿಸಿನ ಕೊನೆಯ ಸಾಲಿನಲ್ಲಿದೆ. ಅವರು ತಮ್ಮ ಕೈಯಾರೆ ಆ ದಾರ ಎಳೆಯುವುದನ್ನು ನೆನೆದರೆ ನನಗೆ ತಡೆಯಲಾಗುವುದಿಲ್ಲ.

ಆದ್ದರಿಂದ ಮಾನ್ಯರು ದಯಮಾಡಿ,

(ಅ) ‘ನೀವು ವಾ’ ಎಂಬುದು ಅಂಗೀಕೃತ ಪಟ್ಟಿಯಲ್ಲಿಲ್ಲವೆಂದು ಲಿಖಿತವಾಗಿ ದೃಢೀಕರಿಸಬೇಕಾಗಿಯೂ,

(ಆ) ಪಟ್ಟಿಯಲ್ಲಿಲ್ಲವಾದ್ದರಿಂದಲೇ ಅದು ನಕಲಲ್ಲವೆಂದು ತೀರ್ಮಾನಿಸಬೇಕಾಗಿಯೂ, ಮುಂದೆಂದೂ ಅದನ್ನು ಪಟ್ಟಿಗೆ ಸೇರಿಸಬಾರದಾಗಿಯೂ (ಸೇರಿಸಿದರೆ ನಾಳೆ ಮಳಿಗೆಯಲ್ಲಿ ಅದನ್ನೂ ಡಜನ್ ಲೆಕ್ಕದಲ್ಲಿ ಹೊಲಿಯುತ್ತಾರೆ),

(ಇ) ಸದರಿ ವಸ್ತ್ರವನ್ನು ಬಿಚ್ಚದೆ ಭಾನುವಾರದೊಳಗೆ ನನಗೆ ಕೊಡಿಸಿ, ಆ ಎರಡು ಪದಗಳ ಕೆಳಗೆ ಒಂದು ಗುರುತು ಹಾಕಲು ನನಗೆ ಅಪ್ಪಣೆ ಕೊಡಬೇಕಾಗಿಯೂ ಪ್ರಾರ್ಥಿಸುತ್ತೇನೆ. ತಿದ್ದಿದ್ದೇ ತಪ್ಪಾಯಿತು ಎಂದು ಒಪ್ಪಿಕೊಳ್ಳಲು ನಮ್ಮ ಕಸುಬಿನಲ್ಲಿ ಒಂದು ಗುರುತಿದೆ. ಪದದ ಅಡಿಯಲ್ಲಿ ಚುಕ್ಕಿಗಳ ಸಾಲು ಹಾಕಿ ಪಕ್ಕದಲ್ಲಿ ‘ಇರಲಿ’ ಎಂದು ಬರೆಯುತ್ತೇವೆ. ನಾನು ಅದನ್ನು ಬಳಸಿದ್ದು ಬಹಳ ಕಡಿಮೆ. ಈ ಸಲ ದಾರದಲ್ಲೇ ಹೊಲಿಯುತ್ತೇನೆ. ಅತ್ತೆಯವರ ಹತ್ತಿರ ಸೂಜಿ ಹಿಡಿಯಲು ಕಲಿಯುತ್ತಿದ್ದೇನೆ. ಬೆರಳು ತೋರಿಸಬೇಕೆಂದರೆ ಖುದ್ದಾಗಿ ಹಾಜರಾಗಿ ತೋರಿಸುತ್ತೇನೆ.

ಕಲಂ ೪ಕ್ಕೆ ಒಂದು ಸಾಲಿನ ಉತ್ತರ ಕಡ್ಡಾಯವೆಂದಾದಲ್ಲಿ ಹೀಗೆ ನಮೂದಿಸಿಕೊಳ್ಳಬಹುದು: ‘ಅರ್ಜಿದಾರನಿಗೆ ತಿದ್ದಲು ಮನಸ್ಸು ಬಾರದ ತಪ್ಪುಗಳು ಈ ಲೋಕದಲ್ಲಿ ಇವರೊಬ್ಬರವೇ.’

ಇಂತು, ಊಟ ಬಿಟ್ಟಿರುವ, ತಮ್ಮ ನೋಟಿಸಿನ ಮೂರು ತಪ್ಪುಗಳನ್ನು ಯಾರಿಗೂ ಹೇಳದಿರುವ,

ತಮ್ಮ ವಿಶ್ವಾಸಿ,
ವಿರ್ಜಿಲಿಯೊ ಸೆರ್ದೈರ
(ಊರಿನವರು ಕರೆಯುವಂತೆ ಬಿರ್ಜಿಲಿಯೊ. ಇನ್ನು ತಿದ್ದುವುದಿಲ್ಲ.)

ಅಡಕಗಳು:
೧. ‘ವಿಳಿ ವೆಕ್ಕು’ ಜಾಹೀರಾತಿನ ತುಣುಕು. ಪರ್ಸಿನಲ್ಲಿ ಇಟ್ಟುಕೊಂಡಿದ್ದರಿಂದ ಮಡಿಕೆ ಬಿದ್ದಿದೆ. ದಯವಿಟ್ಟು ಹಿಂದಿರುಗಿಸಿ.
೨. ತಮ್ಮ ನೋಟಿಸಿನ ತಿದ್ದಿದ ಪ್ರತಿ.
೩. ಪರಚಿದ ಗಾಯ ಹೋದ ವರ್ಷವೇ ಮಾಯಿತೆಂದು ಅರ್ಜಿದಾರನ ತಪ್ಪೊಪ್ಪಿಗೆ ಹೇಳಿಕೆ.
೪. ಸಂತ ಅಂತೋನಿಯವರು ಈಗ ನೆಟ್ಟಗೆ ನಿಂತಿದ್ದಾರೆಂದು ಅತ್ತೆಯವರ ಸಹಿ ಇರುವ ಚೀಟಿ. (ಭಾನುವಾರದವರೆಗೆ ಮಾತ್ರ ಎಂದು ಅವರು ಕೆಳಗೆ ಷರಾ ಬರೆದಿದ್ದಾರೆ.)

ಕೊನೆಯದಾಗಿ: ತಮ್ಮ ಕಚೇರಿಯಲ್ಲಿ ಅರ್ಜಿಗಳನ್ನು ಮೊದಲು ಓದಿ ಸ್ವೀಕೃತಿ ಮುದ್ರೆ ಹಾಕುವವರು ಕುಮಾರಿ ಒತಿಲಿಯಾ ಅವರೇ ಎಂದು ತಿಳಿದಿದೆ. ಕೆಳಗಿನ ಸಾಲು ಅವರಿಗೆ. ಅದರಲ್ಲಿ ನಾಲ್ಕು ತಪ್ಪುಗಳಿವೆ. ನಾಲ್ಕೂ ನನ್ನ ಗಮನಕ್ಕೆ ಬಂದಿವೆ. ಸಮಿತಿಯವರು ಯಾರೂ ತಿದ್ದಬಾರದಾಗಿ ಕೋರಿಕೆ.

ನೀವು ವಾಗಿಲು ಹಾಕಬೇಡ. ವೆಳಕಿರುವಾಗಲೇ ವರುತ್ತೇನೆ.